ಲಕ್ಷ್ಮೇಶ್ವರ ಶಾಖೆಯ ರೊಕ್ಕ

ಬ್ಯಾಂಕಿನವರಿಗೆ ನಗುವುದಕ್ಕೆ ಪುರಸೊತ್ತು ಎಲ್ಲಿರುತ್ತದೆ ಎಂದು ಜನ ಕೇಳುತ್ತಾರೆ. ಪುರಸೊತ್ತು ಇರಲಿಲ್ಲ ನಿಜ; ನಗು ಬರುವ ಪ್ರಸಂಗಗಳು ಮಾತ್ರ ವಾರಕ್ಕೆ ಒಂದೆರಡು ತಪ್ಪದೆ ಬರುತ್ತಿದ್ದವು. ಗಿರಾಕಿಯ ಮುಂದೆ ನಕ್ಕರೆ ಠೇವಣಿ ಹೋಗುತ್ತದೆ, ಮ್ಯಾನೇಜರರ ಮುಂದೆ ನಕ್ಕರೆ ನೌಕರಿ ಹೋಗುತ್ತದೆ. ಹಾಗಾಗಿ ಆಗ ತಡೆದಿಟ್ಟುಕೊಂಡ ನಗುವನ್ನೆಲ್ಲ ಈಗ ಪಿಂಚಣಿಯ ಕಾಲದಲ್ಲಿ ಕೂತು ಖರ್ಚು ಮಾಡುತ್ತಿದ್ದೇನೆ.

ನಾನು ಹಿರೇವಡ್ಡಟ್ಟಿಯ ಒಕ್ಕಲುತನದ ಮನೆಯವನು. ಗದಗಿನಲ್ಲಿ ಮ್ಯಾಟ್ರಿಕ್ ಮುಗಿಸಿ ಅಲ್ಲಿಯದೇ ಒಂದು ಸಣ್ಣ ಬ್ಯಾಂಕಿನಲ್ಲಿ ಕಾರಕೂನನಾದೆ. ಸ್ವಾತಂತ್ರ್ಯ ಬಂದು ಎರಡು-ಮೂರು ವರ್ಷವಾಗಿತ್ತು. ಸಂಸ್ಥಾನದ ಊರಾಗಿದ್ದ ಲಕ್ಷ್ಮೇಶ್ವರ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಕರ್ನಾಟಕ ಒಂದಾಗುವ ಮಾತು ಇನ್ನೂ ಭಾಷಣಗಳಲ್ಲಿತ್ತು. ರಾಜರು ಹೋದ ಊರಿನಲ್ಲಿ ಮೊದಲು ಬೋರ್ಡು ಹಾಕಿದವರಿಗೇ ವ್ಯಾಪಾರ ಎಂದುಕೊಂಡು ನಮ್ಮ ಬ್ಯಾಂಕಿನವರು ಅಲ್ಲಿ ಶಾಖೆ ತೆರೆದರು. ಎರಡು ಖೋಲಿ, ಒಂದು ಕಬ್ಬಿಣದ ತಿಜೋರಿ, ಮೂರು ಜನ. ಮ್ಯಾನೇಜರರು, ನಾನು, ಮತ್ತು ಸಂಸ್ಥಾನದ ಪೊಲೀಸು ಕೆಲಸ ಬಿಟ್ಟು ಬಂದ ಒಬ್ಬ ದಪ್ಪ ಮೀಸೆಯ ಸಿಪಾಯಿ.

ಹೊರಡುವಾಗಲೇ ಗದಗಿನ ಮುಖ್ಯ ಕಚೇರಿಯವರು ಸ್ಪಷ್ಟವಾಗಿ ಹೇಳಿದ್ದರು. ದೀಪಾವಳಿಯ ತನಕ ನೋಡುತ್ತೇವೆ. ಠೇವಣಿ ನಿಂತರೆ ಶಾಖೆ ನಿಲ್ಲುತ್ತದೆ, ಇಲ್ಲದಿದ್ದರೆ ಬೀಗ. ಬೀಗ ಬಿದ್ದರೆ ಮ್ಯಾನೇಜರರಿಗೆ ಗದಗಿನಲ್ಲಿ ಅವರ ಹಳೆಯ ಕುರ್ಚಿ ಇತ್ತು. ನನ್ನನ್ನು ತೆಗೆದುಕೊಂಡದ್ದೇ ಈ ಶಾಖೆಯ ಸಲುವಾಗಿ. ನನಗೆ ಹಿರೇವಡ್ಡಟ್ಟಿಯ ಹೊಲದ ಕುಂಟೆ, ರಂಟೆ ಕಾಯುತ್ತಿದ್ದವು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಡಂಬಳದಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ನನ್ನ ಮುಖ ನೋಡಿ ಅಲ್ಲ, ಹುಡುಗನಿಗೆ ಬ್ಯಾಂಕಿನ ನೌಕರಿ ಎಂದು ಕೇಳಿ. ಹುಡುಗಿಯನ್ನು ನಾನು ಒಂದೇ ಸಲ ನೋಡಿದ್ದೆ, ಆ ಒಂದು ಸಲಕ್ಕೇ ನನ್ನ ಲೆಕ್ಕವೆಲ್ಲ ತಪ್ಪತೊಡಗಿತ್ತು.

೧. ಏನು ಮಾರುತ್ತೀರಿ?

ಮೊದಲ ಹದಿನೈದು ದಿನ ಒಳಗೆ ಬಂದವರೆಲ್ಲ ನೀರು ಕುಡಿಯಲು ಬಂದವರು. ಹದಿನಾರನೆಯ ದಿನ ಒಬ್ಬ ರೈತ ನೀರು ಕುಡಿದ ಮೇಲೂ ಹೋಗದೆ ನಿಂತ. ತಿಜೋರಿ ನೋಡಿದ, ನನ್ನನ್ನು ನೋಡಿದ.

“ಅಂಗಡಿ ತೆರದೀರಿ, ಮಾಲಂತೂ ಕಾಣವಲ್ದು. ಏನ್ ಮಾರತೀರಿ?”

“ರೊಕ್ಕ,” ಎಂದೆ.

“ಹೆಂಗ ಕೊಡತೀರಿ?”

“ನೂರು ರೂಪಾಯಿ ಒಯ್ದ್ರ ವರ್ಷಕ್ಕ ಆರು ರೂಪಾಯಿ ಬಡ್ಡಿ ಕೊಡಬೇಕು.”

“ನಾನ ನೂರು ರೂಪಾಯಿ ತಂದು ಇಟ್ರ?”

“ನಾವ ನಿಮಗ ಮೂರು ರೂಪಾಯಿ ಕೊಡತೀವಿ.”

ಅವನು ಕಂಬಳಿ ಹೆಗಲು ಬದಲಿಸಿದ. “ಅಂದ್ರ ನನ್ನ ರೊಕ್ಕಾ ನನ್ನ ಕಡಿಂದ ಮೂರಕ್ಕ ತಗೊಂಡು ಬಾಜೂ ಮನಿಯವಗ ಆರಕ್ಕ ಕೊಡತೀರಿ.”

“ಹೌದ್ರಿ.”

“ನಿಮ್ಮದು ಅಂತ ಏನೂ ಹಾಕೂದಿಲ್ಲ.”

ನಾನು ಮ್ಯಾನೇಜರರ ಕಡೆ ನೋಡಿದೆ. ಅವರು ಪೇಪರು ಓದುತ್ತಿದ್ದರು. ತಲೆ ಎತ್ತದೆ, “ಬೋರ್ಡು ಹಾಕೀವಿ,” ಎಂದರು.

ರೈತ ಹೊರಗೆ ಹೋಗಿ ಬೋರ್ಡನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಮತ್ತೆ ಒಳಗೆ ಬಂದ. “ಸಾಹೇಬ್ರ, ನಮ್ಮ ಪ್ಯಾಟ್ಯಾಗ ಇದಕ್ಕ ದಲಾಲಿ ಅಂತಾರ. ಅವರೂ ಎತ್ತು ಸಾಕೂದಿಲ್ಲ, ಮಾರಿಸಿ ಕೊಡತಾರ. ಆದ್ರ ಅವರು ಪಾಪ ಬಿಸಲಾಗ ನಿಲ್ಲತಾರ.”

೨. ಒಂದು ಕಮ್ಮಿ

ಹೊಸ ಸರಕಾರದ ಹೊಸ ನೋಟು ಬಂದಿತ್ತು. ರಾಜನ ಮುಖ ಹೋಗಿ ಸಿಂಹಗಳು ಬಂದಿದ್ದವು. ಒಬ್ಬ ಮುದುಕಪ್ಪ ಅದನ್ನು ಕೈಯಲ್ಲಿ ಹಿಡಿದು ಬಂದ. ಯಾರೋ ಸಂತೆಯಲ್ಲಿ ಕೊಟ್ಟಿದ್ದರಂತೆ. ಖರೆಯೋ ಖೋಟಾವೋ ತಿಳಿಯಬೇಕಿತ್ತು.

ಮ್ಯಾನೇಜರರಿಗೆ ಇಂಥ ವಿವರಣೆಯಲ್ಲಿ ಬಹಳ ಉಮೇದು. “ಖರೇನ ಐತಿ ಅಜ್ಜಾ. ಇವು ಅಶೋಕ ಚಕ್ರವರ್ತಿಯ ಸಿಂಹಗಳು. ಒಟ್ಟು ನಾಕು.”

ಮುದುಕಪ್ಪ ಬೆರಳಿಟ್ಟು ಎಣಿಸಿದ. “ಮೂರ ಅದಾವಲ್ರಿ.”

“ನಾಕನೇದು ಹಿಂದ ಐತಿ. ಕಾಣೂದಿಲ್ಲ.”

ಮುದುಕಪ್ಪ ನೋಟು ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದು ನೋಡಿದ. ಸಿಪಾಯಿಗೂ ತೋರಿಸಿದ, ಅವನೂ ಇಲ್ಲವೆಂದು ತಲೆಯಾಡಿಸಿದ. ಮ್ಯಾನೇಜರರು ಕಲ್ಲಿನ ಕಂಬ, ಶಿಲ್ಪಿ, ನಾಲ್ಕು ದಿಕ್ಕು ಎಂದು ಹತ್ತು ನಿಮಿಷ ವಿವರಿಸಿದರು. ಮುದುಕಪ್ಪ ಎಲ್ಲ ಕೇಳಿ ನೋಟನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡ.

“ಇರ್ಲಿ ಬಿಡ್ರಿ, ಹೊಸಾ ಸರಕಾರ,” ಎಂದ. “ಆದ್ರ ಮೊದಲನೇ ನೋಟಿನ್ಯಾಗ ನಾಕು ಅಂತ ಹೇಳಿ ಮೂರು ಕೊಟ್ರ, ಮುಂದ ಹೆಂಗ ಅಂತ ನನಗ ಚಿಂತಿ ಆಗೇತಿ.”

೩. ಹೊಳೆ ದಾಟಿದ ಆಡು

ವಾರಕ್ಕೊಮ್ಮೆ ನನ್ನನ್ನು ಮುಂಡರಗಿಯ ಸಂತೆಗೆ ಕಳಿಸುತ್ತಿದ್ದರು. ಅಲ್ಲಿಂದ ಹೊಳೆ ದಾಟಿದರೆ ನಿಜಾಮರ ಸೀಮೆ. ನಿಜಾಮರ ಕಾಲ ಮುಗಿದರೂ ಅವರ ನಾಣ್ಯ ಮುಗಿದಿರಲಿಲ್ಲ. ಆಚೆ ದಂಡೆಯವರ ಕೈಯಲ್ಲಿ ಹಾಲಿ ಸಿಕ್ಕಾ, ಈಚೆಯವರ ಕೈಯಲ್ಲಿ ನಮ್ಮ ರೂಪಾಯಿ. ಅವರ ಏಳು ನಮ್ಮ ಆರಕ್ಕೆ ಸಮ. ಸಂತೆಯ ದಿನ ಒಂದು ಗಿಡದ ಕೆಳಗೆ ಚಾಪೆ ಹಾಸಿ ಬದಲಿಸಿ ಕೊಡುವುದು ನನ್ನ ಕೆಲಸ.

ಆಚೆಯಿಂದ ಒಬ್ಬ ಆಡು ಹೊಡೆದುಕೊಂಡು ಬಂದಿದ್ದ. ಅವನ ಊರಿನಲ್ಲಿ ಅದಕ್ಕೆ ಹದಿನಾಲ್ಕು ರೂಪಾಯಿ ಕೇಳಿದ್ದರಂತೆ, ಇಲ್ಲಿ ಹೆಚ್ಚು ಸಿಕ್ಕೀತೆಂದು ಬಂದಿದ್ದ. ಸಂತೆಯವರು ಹನ್ನೆರಡು ಎಂದರು. ಹದಿನಾಲ್ಕು ಹಾಲಿ ಅಂದರೆ ನಮ್ಮ ಹನ್ನೆರಡೇ, ಎರಡೂ ಒಂದೇ ಎಂದು ನಾನು ತಿಳಿಸಿ ಹೇಳಿದೆ. ಅವನು ಕೇಳಲಿಲ್ಲ. ಹೊಳೆ ದಾಟುವಾಗ ನಾವೆಯಲ್ಲಿ ಹೆದರಿ ಆಡು ಸೊರಗಿದೆ, ಅದಕ್ಕೇ ಎರಡು ರೂಪಾಯಿ ಕಡಿಮೆಯಾಯಿತು ಎಂಬುದು ಅವನ ತರ್ಕ. ಆಡಿಗೆ ಬೈಯುತ್ತ ತಿರುಗಿ ಹೊಡೆದುಕೊಂಡು ಹೋದ.

ಮುಂದಿನ ವಾರ ಅವನೊಬ್ಬನೇ ಬಂದ, ಮುಖ ಅರಳಿತ್ತು. “ನಮ್ಮೂರಾಗ ಮಾರಿದ್ನಿ. ಬರೋಬ್ಬರಿ ಹದಿನಾಕು.” ಈಚೆ ಅರಿವೆ ಕೊಳ್ಳಬೇಕು, ಬದಲಿಸಿ ಕೊಡು ಎಂದ. ನಾನು ಹನ್ನೆರಡು ರೂಪಾಯಿ ಎಣಿಸಿ ಚಾಪೆಯ ಮೇಲಿಟ್ಟೆ.

ಅವನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. “ಆಡು ತಂದ್ರ ಹನ್ನೆರಡು.”

“ಹೌದು.”

“ಆಡು ಬಿಟ್ಟು ಬರೇ ರೊಕ್ಕಾ ತಂದ್ರೂ ಹನ್ನೆರಡು.”

“ಹೌದು.”

ಅವನು ಬಹಳ ಹೊತ್ತು ನೆಲ ಕೆರೆದ. ಆಮೇಲೆ ನಿಜವಾಗಿ ನೊಂದುಕೊಂಡು ಹೇಳಿದ: “ಹಂಗಾರ ಆಡಿಂದು ಏನೂ ತಪ್ಪಿಲ್ಲ. ಪಾಪ, ಸುಮ್ನ ಹೊಡದ್ನಿ ಅದಕ್ಕ. ಎಲ್ಲಾ ಆ ಹೊಳೀದ.”

೪. ಚೀಲದ ಹಿಂದೆ ಅಜ್ಜಿ

ನಾನು ಊಟ ಮಾಡುತ್ತಿದ್ದುದು ಬ್ಯಾಂಕಿನ ಓಣಿಯ ಒಂದು ಖಾನಾವಳಿಯಲ್ಲಿ. ನಡೆಸುವವಳು ಒಬ್ಬ ಅಜ್ಜಿ. ಇಪ್ಪತ್ತು ವರ್ಷ ರೊಟ್ಟಿ ಬಡಿದು ಇನ್ನೂರು ರೂಪಾಯಿ ಗಡಿಗೆಯಲ್ಲಿ ಹಾಕಿಟ್ಟಿದ್ದಳು. ದಿನಾ ಊಟದ ಹೊತ್ತಿಗೆ ಬಡ್ಡಿಯ ಮಹಿಮೆ ಹೇಳಿ ಹೇಳಿ ಕೊನೆಗೆ ಅವಳನ್ನು ಒಪ್ಪಿಸಿದೆ. ಹಳೆಯ ಇಳಕಲ್ ಸೀರೆಯ ಸೆರಗಿನಿಂದ ತಾನೇ ಒಂದು ಕೆಂಪು ಚೀಲ ಹೊಲಿದು ರೊಕ್ಕ ತಂದಿಟ್ಟಳು.

ಮರುದಿನ ಬಂದು, “ತೋರ್ಸು,” ಎಂದಳು. ಹಾಗೆಲ್ಲ ತೋರಿಸುವ ಪದ್ಧತಿ ಇಲ್ಲವೆಂದೆ. ಆ ರಾತ್ರಿ ನನ್ನ ಸಾರಿನಲ್ಲಿ ಬೇಳೆ ಇರಲಿಲ್ಲ. ಮರುದಿನದಿಂದ ಪದ್ಧತಿ ಶುರುವಾಯಿತು.

ಒಂದು ದಿನ ಅರಿವೆ ಅಂಗಡಿಯವರೊಬ್ಬರು ಇನ್ನೂರು ರೂಪಾಯಿ ಸಾಲ ಕೇಳಿದರು. ಮ್ಯಾನೇಜರರು ಕೈಗೆ ಸಿಕ್ಕ ಕೆಂಪು ಚೀಲವನ್ನೇ ಎತ್ತಿ ಕೊಟ್ಟರು. ಅವರು ಬಾಗಿಲು ದಾಟುವುದಕ್ಕೂ ಅಜ್ಜಿ ಎದುರು ಬರುವುದಕ್ಕೂ ಸರಿಹೋಯಿತು. ಅವಳು ಅಲ್ಲಿಂದಲೇ ತಿರುಗಿದಳು. ಚೀಲದ ಹಿಂದೆ ನಡೆದಳು.

ಅಂದು ಖಾನಾವಳಿ ತೆರೆಯಲಿಲ್ಲ. ನಾನು, ಸಿಪಾಯಿ ಇಬ್ಬರೂ ಶೇಂಗಾ ತಿಂದು ನೀರು ಕುಡಿದೆವು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ನೂಲಿನ ವ್ಯಾಪಾರಿ ಒಬ್ಬರು ಇನ್ನೂರು ರೂಪಾಯಿ ಜಮಾ ಮಾಡಲು ಬಂದರು. ಕೈಯಲ್ಲಿ ಕೆಂಪು ಚೀಲ. ಅವರ ಹಿಂದೆ ಬೆವರು ಒರೆಸಿಕೊಳ್ಳುತ್ತ ಅಜ್ಜಿ.

ಮ್ಯಾನೇಜರರು ಎದ್ದು ನಿಂತು ಕ್ಷಮೆ ಕೇಳಲು ಶುರು ಮಾಡಿದರು. ಅವಳು ಕೈ ಮಾಡಿ ಸುಮ್ಮನಿರಿಸಿದಳು.

“ಅರಿವಿ ಅಂಗಡ್ಯಾವ ಇದನ್ನ ಬೆಟಗೇರಿಂದ ಬಂದಿದ್ದ ನೇಕಾರಗ ಕೊಟ್ಟ, ಸೀರಿ ಬಂದ್ವು. ನೇಕಾರ ನೂಲಿನವಗ ಕೊಟ್ಟ, ನೂಲು ಹೋತು. ನೂಲಿನಾಂವ ಇಲ್ಲಿ ತಂದ. ಒಂದ ದಿವಸದಾಗ ಮೂರು ಮಂದಿ ಕೆಲಸಾ ಮಾಡಿ ಮನಿಗೆ ಬಂದಾವ ನನ್ನ ರೊಕ್ಕ.” ಅವಳು ಕಟ್ಟೆಯ ಮೇಲೆ ಕೂತು ಕಾಲು ಒತ್ತಿಕೊಂಡಳು. “ನಾ ಇಪ್ಪತ್ತು ವರ್ಷ ಗಡಗ್ಯಾಗ ಇಟ್ಟು ಸಾಕಿದ್ನಿ. ಒಂದ ದಿವಸ ಯಾರಿಗೂ ಒಂದು ಉಪಯೋಗ ಬೀಳಲಿಲ್ಲ. ಥೇಟ್ ನನ್ನ ಮಗನ ಹಂಗ.”

೫. ಮಾವನವರ ತಪಾಸಣೆ

ಶ್ರಾವಣದಲ್ಲಿ ಡಂಬಳದಿಂದ ಮಾವನಾಗಬೇಕಾದವರು ಬಂದರು. ಅಳಿಯನ ಬ್ಯಾಂಕು ನೋಡಬೇಕೆಂದು ಬಂದಿದ್ದರು. ಮೊದಲು ಗೋಡೆ ಬಡಿದು ನೋಡಿದರು. ಆಮೇಲೆ ತೊಲೆ ನೋಡಿದರು. ಕೊನೆಗೆ ತಿಜೋರಿಯ ಮೇಲೆ ಕೂತು, ಅದು ಅಲುಗದ್ದನ್ನು ಕಂಡು ಸಮಾಧಾನಪಟ್ಟು, ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರು.

ನಾನು ಎದೆ ಉಬ್ಬಿಸಿ ಹೇಳಿದೆ. “ಎರಡು ಕೀಲಿ ಅದಾವ್ರಿ. ಒಂದು ಮ್ಯಾನೇಜರರ ಕಡೆ, ಒಂದು ನನ್ನ ಕಡೆ. ಎರಡೂ ಹಾಕಿದ್ರನ ತೆರೀತೈತಿ.”

“ನೀ ಒಬ್ಬಾವನ ತೆರಿಯಾಕ ಬರೂದಿಲ್ಲ?”

“ಇಲ್ರಿ.”

“ಯಾಕ?”

“ಸುರಕ್ಷಿತ ಇರ್ಲಿ ಅಂತ. ಬ್ಯಾಂಕಿನ ನಿಯಮ.”

ಮಾವನವರು ತಿಜೋರಿಯಿಂದ ಇಳಿದು ಜೋಡು ಮೆಟ್ಟಿಕೊಂಡರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಎತ್ತಿನ ವ್ಯಾಪಾರದಲ್ಲಿ ಸುಳಿ ತಪ್ಪಿದ್ದು ಕಂಡವರ ಮುಖ ಹೇಗಿರುತ್ತದೋ ಹಾಗಿತ್ತು. “ನಿನ್ನ ದಿನಾ ನೋಡೋ ಬ್ಯಾಂಕಿನವರಿಗೆ ನಿನ್ನ ಮ್ಯಾಲ ಅರ್ಧಾ ನಂಬಿಕಿ ಐತಿ ಅಂದಂಗಾತು. ಅರ್ಧಾ ನಂಬಿಗಸ್ಥಗ ಪೂರ್ತಿ ಮಗಳನ್ನ ಹೆಂಗ ಕೊಡ್ಲಿ?”

ಮ್ಯಾನೇಜರರು ನಡುವೆ ಬಂದು ನನ್ನ ಗುಣಗಾನ ಮಾಡಿದರು. ಮಾವನವರು ಕೇಳಿಕೊಂಡು, “ದೀಪಾವಳಿ ತನಕ ನೋಡೂಣು. ಬ್ಯಾಂಕು ನಿಂತಿದ್ರ ಲಗ್ನ,” ಎಂದು ಹೋದರು. ಮುಖ್ಯ ಕಚೇರಿಯೂ ಮಾವನವರೂ ಮಾತಾಡಿಕೊಂಡಂತೆ ಒಂದೇ ಗಡುವು ಹಾಕಿದ್ದರು.

೬. ಅಮಾಸಿಯ ಪೂಜೆ

ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ಇಪ್ಪತ್ತೆರಡು ಮನೆಗಳ ಠೇವಣಿ ಇತ್ತು, ಒಟ್ಟು ಹದಿನೆಂಟು ಸಾವಿರದಷ್ಟು. ಅದರಲ್ಲಿ ಹದಿನಾರು ಸಾವಿರವನ್ನು ಶೇಂಗಾ, ಹತ್ತಿ ಖರೀದಿಗೆ ವ್ಯಾಪಾರಿಗಳಿಗೆ ಸಾಲ ಕೊಟ್ಟಿದ್ದೆವು. ಸುಗ್ಗಿ ಮುಗಿದ ಮೇಲೆ ಬರಬೇಕಾದದ್ದು. ತಿಜೋರಿಯಲ್ಲಿದ್ದದ್ದು ಎರಡು ಸಾವಿರ ರೂಪಾಯಿ ನಾಣ್ಯ, ಒಂದು ಚೀಲ. ಬ್ಯಾಂಕು ನಡೆಯುವುದೇ ಹೀಗೆ. ಎಲ್ಲರೂ ಒಂದೇ ದಿನ ಬಂದು ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ.

ಅಮಾಸಿಗೆ ಎರಡು ದಿನ ಮುಂಚೆ ಖಾನಾವಳಿ ಅಜ್ಜಿ ಬಂದಳು. “ನಾಡದು ಲಕ್ಷ್ಮೀ ಪೂಜಿ. ನನ್ನ ರೊಕ್ಕಾ ಒಂದ ದಿವಸ ಕೊಡು. ಪೂಜಿ ಮಾಡಿ ಪಾಡ್ಯಾ ದಿವಸ ತಂದಿಡತೀನಿ.”

ಅವಳ ಹಿಂದೆ ನೂಲಿನವರು. ಅವರ ಹಿಂದೆ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಮನೆಯವರೂ ಬಂದು ಹೇಳಿಹೋಗಿದ್ದರು. ಯಾರಿಗೂ ಬ್ಯಾಂಕಿನ ಮೇಲೆ ಸಂಶಯವಿರಲಿಲ್ಲ. ಲಕ್ಷ್ಮೀ ಪೂಜೆಯ ದಿನ ಲಕ್ಷ್ಮಿಯೇ ಮನೆಯಲ್ಲಿ ಇಲ್ಲದಿದ್ದರೆ ಹೇಗೆ ಎಂಬುದಷ್ಟೇ ಅವರ ಮಾತು. ಮಾತು ನ್ಯಾಯವಾಗಿಯೇ ಇತ್ತು, ಅದೇ ಕಷ್ಟ.

ಬಾಗಿಲು ಹಾಕಿಕೊಂಡು ಮ್ಯಾನೇಜರರು ನೀರು ಕುಡಿದರು. ಮೊದಲು ಬಂದ ನಾಲ್ಕೈದು ಮಂದಿಗೆ ಕೊಟ್ಟರೆ ಚೀಲ ಖಾಲಿ. ಆರನೆಯವನಿಗೆ ಇಲ್ಲವೆಂದರೆ ಬ್ಯಾಂಕಿನಲ್ಲಿ ರೊಕ್ಕವಿಲ್ಲ ಎಂಬ ಸುದ್ದಿ ಚಹಾ ಆರುವುದರೊಳಗೆ ಊರು ಸುತ್ತುತ್ತದೆ. ಆಮೇಲೆ ಬರುವವರು ಪೂಜೆಗೆ ಕೇಳುವುದಿಲ್ಲ, ಕಾಯಂ ಕೇಳುತ್ತಾರೆ. ಗದಗಿಗೆ ತಂತಿ ಕೊಟ್ಟೆವು: ಕೂಡಲೇ ನಗದು ಕಳಿಸಿರಿ. ಸಂಜೆ ಉತ್ತರ ಬಂತು: ಇಲ್ಲಿಯೂ ಪೂಜೆ. ನೀವೇ ನೋಡಿಕೊಳ್ಳಿರಿ.

ಮರುದಿನ ಮ್ಯಾನೇಜರರು ಸೈಕಲ್ ಹತ್ತಿ ಶಿರಹಟ್ಟಿಗೆ ಹೋಗಿ ನಮ್ಮ ಸಾಲಗಾರರೊಬ್ಬರನ್ನು ಕೇಳಿದರು. ಅವರು, “ಅಮಾಸಿ ಮುಂದ ಲಕ್ಷ್ಮೀನ ಯಾರರ ಹೊರಗ ಹಾಕ್ತಾರೇನ್ರಿ?” ಎಂದು ಚಹಾ ಕುಡಿಸಿ ಕಳಿಸಿದರು.

ನನಗೆ ಡಂಬಳದ ಹುಡುಗಿಯ ಮುಖ ಕಣ್ಣಿಗೆ ಕಟ್ಟಿತು. ಸುಳ್ಳೇಕೆ ಹೇಳಲಿ, ಅತ್ತೆನೆಂದೇ ಇಟ್ಟುಕೊಳ್ಳಿ. ಬೇರೆ ದಾರಿ ತೋಚದೆ ಪೇಟೆಯ ಮನೆಗಳಿಗೆಲ್ಲ ಪೂಜೆ ಮಾಡಿಸುವ ಅಯ್ಯನವರ ಹತ್ತಿರ ಹೋದೆ. ಅರ್ಧ ಮನೆಯವರ ಪೂಜೆಯನ್ನಾದರೂ ಪಾಡ್ಯಕ್ಕೆ ಹಾಕಿಸಿ ಎಂದು ಬೇಡಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಗುಟ್ಟು ಹೊರಗೆ ಬಿಟ್ಟುಕೊಡುವವರಲ್ಲ ಎಂಬ ನಂಬಿಕೆ ಇತ್ತು.

ಅಯ್ಯನವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು. “ಹದಿನೆಂಟು ಸಾವಿರಕ್ಕ ಹೂಂ ಅಂದು ಎರಡ ಸಾವಿರದಾಗ ಸಂಸಾರ ನಡಸಾಕತ್ತೀರಿ.”

“ಹೌದ್ರಿ.”

“ಅದರಾಗ ಅಳೂದೇನೈತಿ ತಮ್ಮಾ? ನಾನೂ ಅದನ್ನ ಮಾಡತೀನಿ. ಇಪ್ಪತ್ತೆರಡೂ ಮನಿಗೆ ನಾಳೆ ಒಂದ ಮುಹೂರ್ತ ಹೇಳೀನಿ. ಇರಾಂವ ನಾ ಒಬ್ಬ. ಮುಂಜಾನೆ ಒಂದು ಮನಿಗೆ ಹೊಕ್ರ ದೀಪಾ ಹಚ್ಚೂ ಹೊತ್ತಿಗೆ ಕಡೀ ಮನಿ ಮುಗೀತೈತಿ. ಒಬ್ಬ ಅಯ್ಯಾ, ಒಂದ ಗಂಟಿ, ಒಂದ ಆರತಿ ತಟ್ಟಿ ಎಲ್ಲಾ ಮನಿಗೂ ಸಾಲತಾವ. ಒಂದ ಚೀಲ ಯಾಕ ಸಾಲಬಾರ್ದು?”

ಅಂದು ಸಂಜೆಯೇ ಇಪ್ಪತ್ತೆರಡು ಮನೆಗೂ ಹೋಗಿ ತಿಳಿಸಿದೆವು. ಹಬ್ಬದ ಗದ್ದಲ, ಕಳ್ಳರ ಕಾಲ. ನೀವು ಬರುವುದು ಬೇಡ, ಬ್ಯಾಂಕಿನವರೇ ಲಕ್ಷ್ಮಿಯನ್ನು ಮನೆಗೆ ತಂದು, ಪೂಜೆಯಾದ ಕೂಡಲೇ ಜೋಪಾನವಾಗಿ ಒಯ್ಯುತ್ತೇವೆ. ಜನಕ್ಕೆ ಬಹಳ ಸಂತೋಷವಾಯಿತು.

ಅಮಾಸಿಯ ಮುಂಜಾನೆ ಮೆರವಣಿಗೆ ಹೊರಟಿತು. ಮುಂದೆ ಗಂಟೆ ಹಿಡಿದ ಅಯ್ಯನವರು, ನಡುವೆ ಚೀಲ ಹೊತ್ತ ಸಿಪಾಯಿ, ಹಿಂದೆ ಕೊಡೆ ಹಿಡಿದ ಮ್ಯಾನೇಜರರು ಮತ್ತು ನಾನು. ಮೊದಲನೆಯ ಮನೆಯವರ ಠೇವಣಿ ಮುನ್ನೂರು ರೂಪಾಯಿ. ಅವರು ಚೀಲದ ಗಾತ್ರ ನೋಡಿದರು. “ಎಣಿಸಿ ತೆಗೆಯಾಕ ವ್ಯಾಳ್ಯಾ ಇರಲಿಲ್ರಿ, ಚೀಲಾನ ತಂದೀವಿ. ನಿಮ್ಮದೂ ಇದರಾಗ ಐತಿ,” ಎಂದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರು ಬೀದಿಯ ಕಡೆ ತಿರುಗಿ, ಬಾಜೂ ಮನೆಯವರು ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು, ಚೀಲವನ್ನು ಸಾವಕಾಶ ಒಳಗೆ ಬರಮಾಡಿಕೊಂಡರು. ತನ್ನ ಲೆಕ್ಕಕ್ಕಿಂತ ದೊಡ್ಡ ಚೀಲ ಮನೆಗೆ ಬಂದದ್ದಕ್ಕೆ ತಕರಾರು ತೆಗೆದವನನ್ನು ನಾನು ಆಮೇಲೂ ಕಂಡಿಲ್ಲ.

ಪೂಜೆ ಮುಗಿದು ಸಿಪಾಯಿ ಚೀಲ ಎತ್ತುವಾಗ ಆ ಮನೆಯ ಯಜಮಾನಿ ತಡೆದರು. “ಮನಿಗೆ ಬಂದ ಹೆಣ್ಣುಮಗಳನ್ನ ಹಂಗ ಬರಿಗೈಲೆ ಕಳಸತಾರೇನು?” ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವ ಹಾಗೆ ಲಕ್ಷ್ಮಿಗೂ ಉಡಿ ತುಂಬಿದರು. ಚೀಲದ ಬಾಯಿ ಬಿಚ್ಚಿ ಐದು ಬೊಗಸೆ ಅಕ್ಕಿ, ಒಂದು ತೆಂಗಿನಕಾಯಿ, ಎಲೆ ಅಡಿಕೆ, ಒಂದು ಕುಬಸದ ಕಣ, ಮೇಲೊಂದು ರೂಪಾಯಿ.

ಒಂದು ಮನೆಯವರು ತುಂಬಿದ ಮೇಲೆ ಇನ್ನೊಂದು ಮನೆಯವರು ಬಿಡುತ್ತಾರೆಯೇ? ಆರನೆಯ ಮನೆಯಲ್ಲಿ ಚೀಲದ ಬಾಯಿ ಕಟ್ಟಲು ಬರಲಿಲ್ಲ. ಹತ್ತನೆಯ ಮನೆಯಲ್ಲಿ ಇನ್ನೆರಡು ಗೋಣಿಚೀಲ ಕೇಳಿ ಪಡೆದೆವು. ಹದಿನೈದನೆಯ ಮನೆಗೆ ಸಿಪಾಯಿ ಕೈಚೆಲ್ಲಿದ, ಕೈಗಾಡಿ ತರಿಸಿದೆವು. ಮುಂಜಾನೆ ಒಂದು ಚೀಲದೊಂದಿಗೆ ಹೊರಟ ಬ್ಯಾಂಕು ಮಧ್ಯಾಹ್ನಕ್ಕೆ ಗಾಡಿಯ ಮೇಲೆ ಬರುವುದನ್ನು ಪೇಟೆಯವರು ಕಟ್ಟೆಗೆ ಬಂದು ನಿಂತು ನೋಡಿದರು. ಖಾನಾವಳಿ ಅಜ್ಜಿಯಂತೂ ತನ್ನ ಪಾಲಿನ ಅಕ್ಕಿಯ ಜೊತೆ ನಾಲ್ಕು ರೊಟ್ಟಿಯನ್ನೂ ಉಡಿಗೆ ಹಾಕಿದಳು.

ಕೊನೆಯ ಮನೆ ಶೇಂಗಾ ಸಾಹುಕಾರರದು. ನಮ್ಮ ಎಲ್ಲಕ್ಕಿಂತ ದೊಡ್ಡ ಠೇವಣಿ, ಐದು ಸಾವಿರ, ಅವರದು. ಅವರೊಬ್ಬರು ಹೂಂ ಅಂದರೆ ಶಾಖೆ ಉಳಿಯುತ್ತದೆ, ಊಹೂಂ ಅಂದರೆ ಮುಗಿಯಿತು. ಪಡಸಾಲೆಯಲ್ಲಿ ಅವರ ಪಕ್ಕ ಯಾರು ಕೂತಿದ್ದಾರೆ ಎಂದು ನೋಡಿದರೆ ಡಂಬಳದ ನನ್ನ ಮಾವನವರು. ಶೇಂಗಾ ತಂದವರು ಹಬ್ಬಕ್ಕೆ ಉಳಿದಿದ್ದರು, ಬ್ಯಾಂಕಿನ ಗಡುವನ್ನೂ ನೋಡಿಕೊಂಡು ಹೋಗೋಣವೆಂದು.

“ನಂದು ಐದು ಸಾವಿರ. ಎಣಿಸಿ ಇಡ್ರಿ, ಆಮ್ಯಾಲೆ ಪೂಜಿ,” ಎಂದರು ಸಾಹುಕಾರರು.

“ಎಣಸಕೋತ ಕುಂತ್ರ ಹೊತ್ತು ಮುಣಗತೈತಿ,” ಎಂದರು ಅಯ್ಯನವರು.

“ಮುಣಗವಲ್ದ್ಯಾಕ,” ಎಂದು ಸಾಹುಕಾರರು ತಾವೇ ಎದ್ದು ಬಂದು ದೊಡ್ಡ ಚೀಲದ ಬಾಯಿಗೆ ಕೈ ಹಾಕಿದರು. ತೆಂಗಿನಕಾಯಿ ಬಂತು. ಮತ್ತೆ ಹಾಕಿದರು, ಇನ್ನೊಂದು ತೆಂಗಿನಕಾಯಿ. ಮೂರನೆಯ ಸಲ ಕುಬಸದ ಕಣ ಬಂತು. ನಾಲ್ಕನೆಯ ಸಲ ರೊಟ್ಟಿ. ಮ್ಯಾನೇಜರರು ಕೊಡೆ ಮಡಿಚಿ ಬಗಲಿಗಿಟ್ಟುಕೊಂಡರು, ಗದಗಿಗೆ ಹೊರಟವರ ಹಾಗೆ.

ಅಷ್ಟರಲ್ಲಿ ಸಾಹುಕಾರರ ಹೆಂಡತಿ ಆರತಿ ಹಿಡಿದು ಹೊರಗೆ ಬಂದರು. ಕಣಗಳನ್ನು ಕೈಗೆತ್ತಿಕೊಂಡು, ಇದು ನೂಲಿನವರ ಮನೆಯದು, ಇದು ಅರಿವೆ ಅಂಗಡಿಯವರದು ಎಂದು ಒಂದೊಂದೇ ಗುರುತಿಸಿದರು. ಗಂಡನ ಕಡೆ ತಿರುಗಿದರು.

“ಇಪ್ಪತ್ತೊಂದು ಮನಿ ಉಡಿ ತುಂಬಿಸಿಕೊಂಡು ಬಂದಾಕೀನ ಹೊಸ್ತಿಲ ಹೊರಗ ನಿಲ್ಲಿಸಿ ತಪಾಸಣಿ ಮಾಡಾಕತ್ತೀರಿ. ನಾಚಿಕಿ ಬರೂದಿಲ್ಲೇನು? ಒಳಗ ಕರೀರಿ ಮದಲ.”

ಇಡೀ ಪೇಟೆಗೆ ಹೆದರದ ಸಾಹುಕಾರರು ಚೀಲ ಒಳಗೆ ತಂದರು. ಪೂಜೆಯಾಯಿತು. ಆ ತಾಯಿ ಎಲ್ಲರಿಗಿಂತ ದೊಡ್ಡ ಉಡಿ ತುಂಬಿದರು.

ಹೊರಡುವಾಗ ಸಾಹುಕಾರರು ನನ್ನ ತೋಳು ಹಿಡಿದು ಮೂಲೆಗೆ ಕರೆದರು. ಮಾವನವರೂ ಸುಮ್ಮನೆ ಹಿಂದೆ ಬಂದು ನಿಂತರು.

“ಖರೆ ಹೇಳು. ಇಪ್ಪತ್ತೆರಡೂ ಮನಿಗೆ ಇದ ಚೀಲ?”

“ಹೌದ್ರಿ.”

“ಇದರಾಗ ಎರಡು ಸಾವಿರಕ್ಕಿಂತ ಹೆಚ್ಚಿಲ್ಲ.”

“ಇಲ್ರಿ.”

“ಮತ್ತ ನನ್ನ ಐದು ಸಾವಿರ ಎಲ್ಲಿ ಐತಿ?”

ಹೇಗೂ ಮುಗಿಯಿತು ಎಂದುಕೊಂಡು ನಿಜ ಹೇಳಿಬಿಟ್ಟೆ. “ನಿಮ್ಮ ವಖಾರದಾಗ ಐತ್ರಿ. ಹೋದ ತಿಂಗಳ ಶೇಂಗಾ ಖರೀದಿಗೆ ನಮ್ಮ ಕಡಿಂದ ಆರು ಸಾವಿರ ಸಾಲಾ ಒಯ್ದೀರಲ್ಲ, ಅದರಾಗ ಐದು ನಿಮ್ಮವ.”

ಸಾಹುಕಾರರು ವಖಾರದ ಕಡೆ ನೋಡಿದರು, ಅಲ್ಲಿ ಪೇರಿಸಿದ್ದ ಶೇಂಗಾ ಚೀಲ ನೋಡಿದರು. ಮೆಲ್ಲಗೆ ನನ್ನ ತೋಳು ಬಿಟ್ಟು ದನಿ ತಗ್ಗಿಸಿದರು. “ಇದನ್ನ ಹೊರಗ ಎಲ್ಲೂ ಆಡಬ್ಯಾಡ. ನನ್ನ ರೊಕ್ಕಾ ನಾನ ಬಡ್ಡಿ ಕೊಟ್ಟು ಒಯ್ದೀನಿ ಅಂತ ಗೊತ್ತಾದ್ರ ಮಂದಿ ನನಗ ಏನಂದಾರು?”

೭. ನಾಲ್ಕು ತೊಲೆಯ ಸರ

ಪಾಡ್ಯದ ಮರುದಿನ ಬಾಗಿಲು ತೆರೆದಾಗ ಹೊರಗೆ ಸಾಲು ನಿಂತಿತ್ತು. ತೆಗೆಯಲು ಬಂದವರಲ್ಲ. ಗಾಡಿಯ ಮೇಲೆ ಹೋಗುವಷ್ಟು ರೊಕ್ಕವಿರುವ ಬ್ಯಾಂಕು, ಹಬ್ಬಕ್ಕೆ ಲಕ್ಷ್ಮಿಯನ್ನು ಮನೆಗೇ ಕಳಿಸಿಕೊಡುವ ಬ್ಯಾಂಕು ಎಂದು ಗಡಿಗೆ, ಕಾಳು ತುಂಬುವ ಹಗೇವು, ಗೋಡೆಯ ಮಾಡಗಳಿಂದ ತೆಗೆದು ತಂದಿದ್ದರು. ವಾರದೊಳಗೆ ಠೇವಣಿ ದುಪ್ಪಟ್ಟಾಯಿತು. ಶಾಖೆ ಕಾಯಂ ಎಂದು ಗದಗಿನಿಂದ ಕಾಗದ ಬಂತು. ಅದರ ಕೆಳಗೆ, ನಗದಿನಲ್ಲಿ ಇಪ್ಪತ್ತೆರಡು ರೂಪಾಯಿ ಹೆಚ್ಚು ಕಾಣುತ್ತದೆ, ಕಾರಣ ತಿಳಿಸಿರಿ ಎಂದೂ ಇತ್ತು. ಮ್ಯಾನೇಜರರು ಆ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು.

ನನಗೆ ಬೇಕಾದದ್ದು ಡಂಬಳದ ಉತ್ತರ. ಮಾವನವರು ತಾವಾಗಿಯೇ ಬಂದರು. ಈ ಸಲ ಗೋಡೆ ಬಡಿಯಲಿಲ್ಲ, ಪೇಟೆಯಲ್ಲಿ ನನ್ನನ್ನು ಅಳಿಯ ಎಂದೇ ಕರೆದರು. ತುಳಸೀ ಲಗ್ನವಾದ ಮೇಲೆ ಮದುವೆ ಎಂದು ಗೊತ್ತು ಮಾಡಿ, “ಮಗಳ ಕೊಳ್ಳಾಗ ನಾಕು ತೊಲಿ ಬಂಗಾರದ ಸರಾ ಹಾಕಿ ಲಗ್ನಾ ಮಾಡಿ ಕೊಡತೀನಿ,” ಎಂದರು. ನಾನು ಕೇಳಿರಲಿಲ್ಲ. ಆದರೂ ನಮ್ಮ ಹಿರೇವಡ್ಡಟ್ಟಿಯ ತುಂಬ ನಮ್ಮವ್ವ ಈ ಸುದ್ದಿ ಮುಟ್ಟಿಸಿದಳು.

ಡಂಬಳದಲ್ಲಿ ಮದುವೆ ಚೆಂದಾಗಿ ಆಯಿತು. ಹುಡುಗಿಯ ಕೊರಳಲ್ಲಿ ಸರ ಝಗಝಗ ಎನ್ನುತ್ತಿತ್ತು. ನಮ್ಮ ಕಡೆಯ ಹೆಂಗಸರೆಲ್ಲ ಅದನ್ನು ಮುಟ್ಟಿ, ತೂಗಿ, ನಾಲ್ಕಕ್ಕೆ ಕಡಿಮೆಯಿಲ್ಲ ಎಂದು ತೀರ್ಪು ಕೊಟ್ಟರು. ಇಷ್ಟು ದಿನದ ಸಂಕಟ ಮುಗಿಯಿತೆಂದು ನನಗೆ ನಿಜವಾಗಿ ಕಣ್ಣು ತುಂಬಿ ಬಂತು.

ಚಕ್ಕಡಿ ಹತ್ತುವ ಹೊತ್ತಿಗೆ ಮಾವನವರು ನನ್ನನ್ನು ಬೇವಿನ ಗಿಡದ ಮರೆಗೆ ಕರೆದರು. ಅತ್ತಿತ್ತ ನೋಡಿ ಕೈ ಚಾಚಿದರು.

“ಆ ಸರಾ ಅಷ್ಟು ಬಿಚ್ಚಿಸಿ ಕೊಟ್ಟುಬಿಡ್ರಿ ಅಳ್ಯಾರ.”

“ಯಾಕ್ರಿ?” ಎಂದೆ.

“ಸೋಮವಾರ ನಮ್ಮ ತಮ್ಮನ ಮಗಳ ಲಗ್ನ ಐತಿ, ಗುರುವಾರ ಅಕ್ಕನ ಮಗಳದು. ಒಟ್ಟು ಐದು ಲಗ್ನ, ಇರೂದು ಒಂದ ಸರಾ. ಭಾಳ ಚಿಂತಿ ಹತ್ತಿತ್ತು ನನಗ.” ಅವರು ನನ್ನ ಹೆಗಲ ಮೇಲೆ ಅಕ್ಕರೆಯಿಂದ ಕೈ ಇಟ್ಟರು. “ಅಮಾಸಿ ದಿವಸ ನಿಮ್ಮ ಬ್ಯಾಂಕಿನ ಪದ್ಧತಿ ನೋಡಿದ ಮ್ಯಾಲನ ಧೈರ್ಯ ಬಂತು ನೋಡ್ರಿ.”